ಒಂದರೊಳಗೊಂದು ಮೂರು ಪೆಟ್ಟಿಗೆ

ಮೈಲಿಯಿದ್ದವನಿಗೆ ರಜೆಯಿಲ್ಲ, ರಜೆಯಿದ್ದವನಿಗೆ ಮೈಲಿಯಿಲ್ಲ. ಗಾದೆ ಹೀಗಲ್ಲ, ಅದು ಹಲ್ಲಿನದು, ಕಡಲೆಯದು ಎಂದು ತಿದ್ದಲು ಬಾಯಿ ತೆರೆದವರು ಸ್ವಲ್ಪ ತಡೆಯಬೇಕು. ಇದು ನಡೆದದ್ದು ಕಟ್ಟುಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಅಲ್ಲಿ ಹಲ್ಲಿಗೆ ಬರವಿರಲಿಲ್ಲ, ಗೋಡೆಯುದ್ದಕ್ಕೂ ಡಬ್ಬಿಗಟ್ಟಲೆ ಹಲ್ಲು. ಬರವಿದ್ದದ್ದು ರಜೆಗೆ. ಗಾದೆಯನ್ನು ತಿರುಚಿದವನು ಅಲ್ಲಿ ಪಾಲಿಶ್ ಕೆಲಸ ಮಾಡುವ ಗಿಳಿ. ತಿರುಚಿದ್ದು, ಮೇಣದಲ್ಲಿ ಹಲ್ಲು ಜೋಡಿಸುವ ಮೇಣದಕ್ಕನ ಮುಖ ನೋಡಿಕೊಂಡೇ. ನಡೆದದ್ದು ನಿಜ. ಸುಳ್ಳಾಗಿದ್ದರೆ ಇದಕ್ಕಿಂತ ಚೆನ್ನಾಗಿ ಮುಗಿಸಬಹುದಿತ್ತು.

“ಗಾದೆ ಆಮೇಲೆ ಹೊಡಿ,” ಎಂದಳು ಮೇಣದಕ್ಕ, ಸ್ಪಿರಿಟ್ ದೀಪಕ್ಕೆ ಚಾಕುವಿನ ತುದಿ ಹಿಡಿದು. “ಕ್ರೆಡಿಟ್ ಕಾರ್ಡ್ ರದ್ದು ಮಾಡಿಸಿಬಿಟ್ಟೆ. ಮೈಲಿ ಉಳಿಯುತ್ತೋ ಇಲ್ಲವೋ, ಅಷ್ಟು ಹೇಳು.”

“ಅಕ್ಕಾ, ನಾಲ್ಕು ದಿನದಲ್ಲಿ ಇದು ಹತ್ತನೇ ಸಲ. ಬ್ಯಾಂಕಿನಲ್ಲಿ ಪಾಯಿಂಟಾಗಿ ಬಿದ್ದಿದ್ದರೆ ಕಾರ್ಡಿನ ಜೊತೆಗೇ ಮಣ್ಣಾಗ್ತಿತ್ತು. ನೀವು ಮೊದಲೇ ವಿಮಾನದವರ ಖಾತೆಗೆ ದಾಟಿಸಿದ್ದೀರಿ. ದಾಟಿದ್ದು ನಿಮ್ಮದು. ಬ್ಯಾಂಕಿನ ಅಪ್ಪ ಬಂದರೂ ಮುಟ್ಟೋಕಾಗಲ್ಲ.”

“ನಿಜವಾಗಿ?”

“ನಿಜವಾಗಿ.”

“ನಿನ್ನ ನಿಜ ಯಾವುದು, ಸುಳ್ಳು ಯಾವುದು ಅಂತ ನಿನ್ನ ಹೆತ್ತ ತಾಯಿಗೂ ಗೊತ್ತಿಲ್ಲ ಬಿಡು!”

ಎಲ್ಲರೂ ನಕ್ಕರು. ಅಚ್ಚು ಹೊಯ್ಯುವ ಗಾರೆಯಣ್ಣ ಬಿಳಿಯಾದ ಕೈಯಲ್ಲೇ ತೊಡೆ ತಟ್ಟಿಕೊಂಡು ನಕ್ಕ. ಗಿಳಿಯೂ ನಕ್ಕ. ಆದರೆ ಆ ಮಾತು ಅವನ ಹಲ್ಲಿನ ಸಂದಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತು. ಡಿಗ್ರಿ ಓದಿದವನು ಅವನೊಬ್ಬನೇ. ಬ್ಯಾಂಕಿನ ನಿಯಮಗಳ ಹದಿನಾಲ್ಕು ಪುಟಗಳನ್ನು ಅವಳಿಗಾಗಿ ಊಟದ ಹೊತ್ತಿನಲ್ಲಿ ಓದಿದ್ದವನೂ ಅವನೇ. ಯಜಮಾನರ ಗದರಿಕೆ, ದಂತವೈದ್ಯರ ಗೊಣಗು, ಪಾಲಿಶ್ ಯಂತ್ರ ನಿಲ್ಲುವಾಗಿನ ನರಳಾಟ, ಎಲ್ಲವೂ ಅವನ ಗಂಟಲಲ್ಲಿದ್ದವು, ಅದಕ್ಕೇ ಗಿಳಿ ಎಂಬ ಹೆಸರು. ಅವನ ಸ್ವಂತ ಧ್ವನಿಗೆ ಮಾತ್ರ ಗಿರಾಕಿಯಿರಲಿಲ್ಲ.

ಕಾರ್ಡಿನಲ್ಲಿ ಖರ್ಚು ಮಾಡಿದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ವಿಮಾನದ ಟಿಕೆಟ್ಟಿಗೆ ಆಗುವ ಮೈಲಿ. ಆ ಮೈಲಿಗಳಿಗಾಗಿ ಮೇಣದಕ್ಕ ಐದು ವರ್ಷ ಕಾರ್ಡ್ ಉಜ್ಜಿದ್ದಳು. ಬೆಂಕಿಪೊಟ್ಟಣಕ್ಕೂ ಕಾರ್ಡು. ಲ್ಯಾಬಿನವರ ಫೋನ್ ಬಿಲ್ಲು, ಗ್ಯಾಸು, ಗಾರೆಯಣ್ಣನ ಮಗಳ ಶಾಲೆಯ ಫೀಸು, ಯಾರದ್ದೇ ಇರಲಿ, “ನನ್ನ ಕಾರ್ಡಲ್ಲಿ ಕಟ್ತೀನಿ, ನನ್ನ ಕೈಗೆ ನಗದು ಕೊಡಿ” ಎನ್ನುತ್ತಿದ್ದಳು. ವಿಮಾನ ಹತ್ತದೆಯೇ ವಿಮಾನದ ಮೈಲಿ ಕೂಡಿಸಿದ ಹೆಂಗಸು. ಈ ವರ್ಷ ಕಾರ್ಡಿನ ವಾರ್ಷಿಕ ಶುಲ್ಕ ಎರಡು ಪಟ್ಟಾದಾಗ, ಪಾಯಿಂಟೆಲ್ಲ ದಾಟಿಸಿ ಕಾರ್ಡು ಕತ್ತರಿಸಿ ಹಾಕಿದ್ದಳು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಮೈಲಿ ಟಿಕೆಟ್ಟಿನ ದರ ಇಳಿಯುತ್ತದೆ, ಅವಳದ್ದು ಸರಿಯಾಗಿ ಸಾಕಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಜಮಾನರು ಹದಿನೈದು ದಿನ ರಜೆಗೆ ಹೂಂ ಅಂದಿದ್ದರು.

ಹೋಗಬೇಕಿದ್ದದ್ದು ತಂಗಿಯ ಹತ್ತಿರ. ಸಮುದ್ರದಾಚೆಯ ತಂಗಿಗೆ ಕಾಯಿಲೆಯ ಔಷಧಿಯಿಂದ ಹಲ್ಲೆಲ್ಲ ಸಡಿಲಾಗಿ, ಕೀಳಿಸಿ ವರ್ಷವಾಗಿತ್ತು. ಅಲ್ಲಿ ಕಟ್ಟಿಸಿದ ಸೆಟ್ಟು ಬಾಯಿಗೆ ಕೂರಲಿಲ್ಲ. ವಿಡಿಯೋ ಕರೆಯಲ್ಲಿ ನಗು ಬಂದರೆ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಮೇಣದಕ್ಕ ತನ್ನ ಮೇಜಿನ ಮೂಲೆಯಲ್ಲಿ, ಬೇರೆ ಯಾರದೋ ಹಳೆಯ ಅಚ್ಚಿನ ಮೇಲೆ, ಗುಲಾಬಿ ಮೇಣದಲ್ಲಿ ತಂಗಿಯ ಮುಂದಿನ ಆರು ಹಲ್ಲು ನೆಟ್ಟಿಟ್ಟಿದ್ದಳು. ಎಡಗಡೆಯ ಒಂದು ಹಲ್ಲು ಪಕ್ಕದ್ದರ ಮೇಲೆ ಸ್ವಲ್ಪ ಹತ್ತಿತ್ತು.

“ಇದು ಸೊಟ್ಟ ಇದೆಯಲ್ಲಕ್ಕಾ,” ಎಂದು ಗಿಳಿ ಒಮ್ಮೆ ಕೇಳಿದ್ದ.

“ಸೊಟ್ಟವೇ ಇರಬೇಕು. ಆ ಹಲ್ಲು ಹುಟ್ಟುವಾಗ ಅವಳು ನನ್ನ ಸೆರಗು ಹಿಡಿದೇ ಓಡಾಡ್ತಿದ್ದಳು. ಅಲ್ಲಿನವರಿಗೆ ಗೊತ್ತಾ? ಬಾಯಿತುಂಬ ನೆಟ್ಟಗಿನ ಬೇಲಿ ನೆಟ್ಟು ಕಳಿಸಿದರು. ನಾನೇ ಹೋಗಿ ಅಚ್ಚು ತೆಗೀಬೇಕು, ನಾನೇ ಕಚ್ಚಿಸಿ ನೋಡಬೇಕು.”

ಅಂದು ಮಧ್ಯಾಹ್ನ ಒಂದು ಗಂಟೆಗೆ ಮೇಣದಕ್ಕನ ಫೋನ್ ರಿಂಗಾಯಿತು. ಕರೆ ಬಂದದ್ದು ಪಕ್ಕದ ಗಾರೆ ಕೋಣೆಯಿಂದ, ಗಾರೆಯಣ್ಣನ ಹೊಸ ಸಿಮ್ಮಿನಿಂದ. ಮೂಗಿನಿಂದ ಹೊರಟು ತಾಲುವಿಗೆ ತಾಗಿ ಬರುವ ಹೆಣ್ಣುಧ್ವನಿ: “ಗೌರವಾನ್ವಿತ ಗ್ರಾಹಕರೇ. ತಮ್ಮ ಕಾರ್ಡ್ ರದ್ದಾಗಿರುವ ಕಾರಣ, ತಮ್ಮ ಖಾತೆಯಲ್ಲಿರುವ ಸಮಸ್ತ ಮೈಲಿಗಳು ಇಂದು ಸಂಜೆ ಐದು ಗಂಟೆಗೆ ರದ್ದಾಗಲಿವೆ. ತಮ್ಮೊಂದಿಗೆ ಹಾರಲು ನಮಗೆ ಸಂತೋಷ.” ಕೊನೆಗೆ ಟೊಂಯ್ ಎಂದು ಗಂಟೆ. ಆ ಗಂಟೆಯೂ ಗಿಳಿಯದೇ.

ಗಾರೆಯಣ್ಣ ಬಾಯಿಗೆ ಟವೆಲ್ ತುರುಕಿಕೊಂಡು ನೆಲಕ್ಕೆ ಕುಸಿದಿದ್ದ. ಬಾಗಿಲ ಸಂದಿಯಿಂದ ಗಿಳಿ ನೋಡಿದ. ಮೇಣದಕ್ಕ ಫೋನನ್ನು ಕಿವಿಯಿಂದ ತೆಗೆದು, ಅದರ ಮುಖ ನೋಡಿ, ಮತ್ತೆ ಕಿವಿಗಿಟ್ಟುಕೊಂಡಳು. “ಹಲೋ? ಮೇಡಂ?” ಎಂದಳು. ಅವನು ಹತ್ತು ಸಲ ಹೇಳಿದ ನಿಜವನ್ನು ನಂಬದವಳು ಈ ಟೊಂಯ್‌ಗೆ ಮೇಡಂ ಅಂದಳು.

“ಮೂರೂವರೆಗೆ ಚಹಾ ಹೊತ್ತಲ್ಲಿ ಬಿಡಿಸಿ ಹೇಳೋಣ,” ಎಂದ ಗಿಳಿ. “ಅಲ್ಲಿವರೆಗೆ ಬಾಯಿಗೆ ಗಾರೆ.”

ಎರಡು ಗಂಟೆಗೆ ಯಜಮಾನರು ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. ನಾಳೆ ಭಾಷಣವಿರುವ ನಿವೃತ್ತ ಮೇಷ್ಟ್ರ ಕೆಳಸೆಟ್ಟು, ಕ್ಲಿನಿಕ್ಕಿಗೆ ತಕ್ಷಣ ಹೋಗಬೇಕು. ಗಿಳಿ ಹೋದ. ಸೆಟ್ಟು ಒತ್ತುತ್ತದೆ ಎಂದರು ಮೇಷ್ಟ್ರು. ಉಜ್ಜಿದ. ಈಗ ಅಲ್ಲಾಡುತ್ತದೆ ಎಂದರು. ಮತ್ತೆ ಕೂರಿಸಿದ. ಮೂರೂವರೆ ದಾಟಿತು. ಗಾರೆಯಣ್ಣನಿಗೆ ಫೋನ್ ಮಾಡಿ ‘ಹೇಳಿಬಿಡು’ ಎನ್ನಲು ಅರ್ಧ ನಿಮಿಷ ಸಾಕಿತ್ತು. ಜೇಬಿನಿಂದ ಫೋನು ತೆಗೆದೂ ತೆಗೆದ. ಆದರೆ ಮುಖ ನೋಡದ ತಮಾಷೆ ಉಪ್ಪಿಲ್ಲದ ಊಟ. ಐದಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡು ಫೋನು ವಾಪಸ್ ಇಟ್ಟ.

ಅವನು ಲ್ಯಾಬಿಗೆ ಬಂದಾಗ ಐದಕ್ಕೆ ಹತ್ತು ನಿಮಿಷ. ಎಲ್ಲರೂ ಅವನಿಗಾಗಿಯೇ ಕಾದಿದ್ದರು. ಮೇಣದಕ್ಕ ತನ್ನ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ದೀಪ ಆರಿತ್ತು.

ಗಿಳಿ ಬಾಗಿಲಲ್ಲೇ ನಿಂತು, ಕತ್ತು ಉದ್ದ ಮಾಡಿ, ಮೂಗು ಬಿಗಿದ. “ಗೌರವಾನ್ವಿತ ಗ್ರಾಹಕರೇ! ತಮ್ಮೊಂದಿಗೆ ಹಾರಲು ನಮಗೆ ಸಂತೋಷ. ಟೊಂಯ್!”

ಲ್ಯಾಬು ಹೋ ಎಂದಿತು. ಮೇಣದಕ್ಕ ಅವನನ್ನೇ ನೋಡಿದಳು.

“ನೀನಾ?” ಎಂದಳು.

“ನಾನೇ ಅಕ್ಕಾ. ಮೈಲಿ ಎಲ್ಲೂ ಹೋಗಲ್ಲ. ನಾನು ಹೇಳಿದ್ದೆನಲ್ಲ!”

“ಹೋಯ್ತಲ್ಲೋ.”

“ಎಲ್ಲಿಗೆ?”

“ಪೆಟ್ಟಿಗೆಗೆ.” ಅವಳು ಫೋನ್ ತಿರುಗಿಸಿ ತೋರಿಸಿದಳು. “ವಿಮಾನದವರ ನಂಬರಿಗೆ ಫೋನ್ ಮಾಡಿ ನಲವತ್ತು ನಿಮಿಷ ಸಂಗೀತ ಕೇಳಿದೆ. ಆಮೇಲೆ ಲೈನು ಕಟ್. ಇವತ್ತಿನ ದರಕ್ಕೆ ಟಿಕೆಟ್ಟಿಗೆ ಸಾಲಲ್ಲ. ಸುಮ್ಮನೆ ಹಾಳಾಗೋದಕ್ಕಿಂತ ಅಂತ ಫೋನಲ್ಲೇ ಅವರ ಅಂಗಡಿಯಲ್ಲಿ ಹುಡುಕಿದೆ. ಅಷ್ಟೂ ಮೈಲಿಗೆ ಸೂಟ್‌ಕೇಸು. ಮೂರು ಬರ್ತವಂತೆ, ಒಂದರೊಳಗೊಂದು!”

ಗಾರೆಯಣ್ಣನಿಗೆ ಉಸಿರು ಸಿಗಲಿಲ್ಲ. “ಹೋಗೋಕೆ ವಿಮಾನ ಇಲ್ಲ, ಪೆಟ್ಟಿಗೆ ಮೂರು!” ಎಂದು ಮೇಜು ಗುದ್ದಿದ. ತಮಾಷೆಗೆ ಇಂಥ ಬಾಲ ಇರುತ್ತದೆಂದು ಯಾರೂ ಎಣಿಸಿರಲಿಲ್ಲ.

“ವಾಪಸ್ ಮಾಡಬಹುದು ಅಕ್ಕಾ, ಈಗಲೇ ಮಾಡೋಣ, ಕೊಡಿ ಇಲ್ಲಿ,” ಎಂದ ಗಿಳಿ.

“ಕೆಂಪಕ್ಷರದಲ್ಲಿ ಬರೆದಿತ್ತು, ವಾಪಸ್ ಇಲ್ಲ ಅಂತ. ಎರಡು ಸಲ ಕೇಳಿತು. ಎರಡು ಸಲವೂ ಹೌದು ಅಂದೆ.” ಅವಳ ಭುಜ ಕುಲುಕತೊಡಗಿತು. ಅಳು ಎಂದುಕೊಂಡ ಗಿಳಿ. ನಗು.

ಅವನು ಅವಳ ಮೇಜಿನ ಹತ್ತಿರ ಹೋದ. ಈ ಸಲ ಅವನ ಗಂಟಲಲ್ಲಿ ಯಜಮಾನರಿರಲಿಲ್ಲ, ವೈದ್ಯರಿರಲಿಲ್ಲ, ಯಂತ್ರವೂ ಇರಲಿಲ್ಲ. “ಅಕ್ಕಾ,” ಎಂದ. “ತಪ್ಪಾಯ್ತು. ನಾನು ಮಧ್ಯದಲ್ಲೇ ಹೇಳಬೇಕಿತ್ತು. ಫೋನು ಕೈಯಲ್ಲೇ ಇತ್ತು. ಹೇಳಲಿಲ್ಲ. ನನ್ನನ್ನ ಕ್ಷಮಿಸಿ.”

ಎಲ್ಲರೂ ಕಿವಿಗೊಟ್ಟು ಕೇಳಿದರು.

“ಇದು ಯಾರ ಧ್ವನಿ?” ಎಂದ ಗಾರೆಯಣ್ಣ, ಕಣ್ಣೊರೆಸಿಕೊಳ್ಳುತ್ತ. “ಹೊಸದಾ? ಗುರುತೇ ಸಿಗ್ತಿಲ್ಲ!”

“ನಂದೇ,” ಎಂದ ಗಿಳಿ.

ಅದಕ್ಕೆ ಬಿದ್ದ ನಗೆಗೆ ಡಬ್ಬಿಗಳಲ್ಲಿದ್ದ ಹಲ್ಲುಗಳು ಕಟಕಟ ಎಂದವು. ಯಜಮಾನರು ಒಳಕೋಣೆಯಿಂದ ಇಣುಕಿ, ಏನೆಂದು ಕೇಳದೆಯೇ ತಾವೂ ಹಲ್ಲು ಕಿರಿದರು.

ಮೇಣದಕ್ಕ ತಂಗಿಯ ಹಲ್ಲು ನೆಟ್ಟಿದ್ದ ಮೂಲೆಯ ಅಚ್ಚನ್ನು ಎತ್ತಿಕೊಂಡು, ಸ್ಟವ್ವಿನ ಮೇಲಿದ್ದ ಬಿಸಿನೀರಿನ ಬೋಗುಣಿಗೆ ಇಳಿಬಿಟ್ಟಳು. ಹಳೆಯ ಅಚ್ಚು, ಯಾವುದಾದರೂ ಕೆಲಸಕ್ಕೆ ಬೇಕಾಗುತ್ತದೆ. ಹಲ್ಲನ್ನೂ ಬಣ್ಣ ನೋಡಿ ಡಬ್ಬಿಗೆ ಹಾಕಬೇಕು. ಮೇಣ ಗುಲಾಬಿ ಪದರವಾಗಿ ಮೇಲೆದ್ದಿತು. ಹಲ್ಲುಗಳು ಸಡಿಲಾಗಿ ಬೋಗುಣಿಯ ತಳಕ್ಕೆ ಟಿಣ್, ಟಿಣ್ ಎಂದು ಒಂದೊಂದಾಗಿ ಬಿದ್ದವು. ಸೊಟ್ಟ ಹಲ್ಲು ಪಕ್ಕದ್ದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ತಡೆಯಿತು. ಗಿಳಿ ಅದನ್ನೇ ನೋಡುತ್ತಿದ್ದ. ಮೇಣದಕ್ಕ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು, ಬಾಯಿಗೆ ಅಂಗೈ ಅಡ್ಡ ಹಿಡಿದು.