ಒದ್ದೆ ಹೆಜ್ಜೆಯ ಅಳತೆ

ಶೂ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ನೆಲಕ್ಕೆ ಕೂತು ಗಿರಾಕಿಗಳ ಪಾದ ಅಳೆದವನಿಗೆ ಅಂಗಡಿಯವರು ಅಳತೆಯಣ್ಣ ಎಂದೇ ಹೆಸರಿಟ್ಟಿದ್ದರು. ತನ್ನ ಸ್ಕೇಲಿಗೆ ಸಿಗದ ಕಾಲು ಈ ಊರಲ್ಲೇ ಇಲ್ಲ ಎಂದು ಅವನು ಜಂಬ ಕೊಚ್ಚಿಕೊಳ್ಳುತ್ತಿದ್ದ. ಆ ಜಂಬಕ್ಕೆ ಕುತ್ತು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಬಸ್ ಡ್ರೈವರೊಬ್ಬ ಆರು ವರ್ಷದ ಮಗಳನ್ನು ಕರೆದುಕೊಂಡು ಒಳಗೆ ಬಂದಾಗ. ಡ್ರೈವರ್ ಯೂನಿಫಾರ್ಮಿನಲ್ಲಿದ್ದ, ಮಗಳು ಬರಿಗಾಲಲ್ಲಿದ್ದಳು.

"ನಾಳೆ ಸ್ಕೂಲ್ ಶುರು ಸಾರ್. ಶೂ ಇಲ್ದೆ ಒಳಗೆ ಬಿಡಲ್ವಂತೆ. ಹೋದ ಸಲ ಅಂದಾಜಿಗೆ ತಗೊಂಡೆ, ಕಚ್ಚಿ ಗಾಯ ಆಯ್ತು. ಅವತ್ತಿಂದ ಕಾಲು ಮುಟ್ಟೋಕೆ ಯಾರಿಗೂ ಬಿಡಲ್ಲ. ಇವಳ ಗಲಾಟೆಗೆ ಎರಡು ಅಂಗಡೀಲಿ ಹೊರಗೆ ಕಳಿಸಿದ್ರು. ಇಲ್ಲೂ ಆಗ್ಲಿಲ್ಲ ಅಂದ್ರೆ ಇವಳು ನಾಳೆ ಮನೇಲೇ."

"ನನ್ನ ಕೈಗೆ ಬಿಡಿ," ಎಂದು ಅಳತೆಯಣ್ಣ ಸ್ಕೇಲು ಹಿಡಿದು ಕೂತೇಬಿಟ್ಟ. ಡ್ರೈವರ್ "ಸ್ವಲ್ಪ ತಡೀರಿ" ಎನ್ನುವಷ್ಟರಲ್ಲಿ ಇವನ ಕೈ ಹುಡುಗಿಯ ಹಿಮ್ಮಡಿ ಹಿಡಿದಾಗಿತ್ತು.

ಹುಡುಗಿ ಕಿವಿ ತೂತಾಗುವಂತೆ ಕಿರುಚಿದಳು. ಜೋಡಿಸಿಟ್ಟಿದ್ದ ಡಬ್ಬಗಳನ್ನೆಲ್ಲ ಒದ್ದು ಕೆಡವಿದಳು. ಅಪ್ಪನ ಚೀಲದಿಂದ ನೀರಿನ ಬಾಟಲಿ ಕಿತ್ತು ಎಸೆದಳು. ಮುಚ್ಚಳ ಹಾರಿ ನೀರೆಲ್ಲ ನೆಲದ ಪಾಲಾಯಿತು. ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ಬರೀ ನೋಡಿದ್ದರೆ ಪರವಾಗಿರಲಿಲ್ಲ, ಇಂಥ ಹೊತ್ತಲ್ಲೇ ಜನಕ್ಕೆ ಬಿಟ್ಟಿ ಬುದ್ಧಿವಾದ ಉಕ್ಕಿ ಬರುವುದು.

"ಎರಡು ಬಿಟ್ರೆ ತಾನೇ ಸರಿಹೋಗತ್ತೆ," ಎಂದರು ಚಪ್ಪಲಿ ನೋಡುತ್ತಿದ್ದ ಹೆಂಗಸು.

"ಮುದ್ದು ಜಾಸ್ತಿಯಾಗಿದೆ, ಇನ್ನೇನು," ಎಂದು ಅವರ ಗಂಡ ಒಗ್ಗರಣೆ ಹಾಕಿದರು.

ಅಳತೆಯಣ್ಣನಿಗೆ ನಾಚಿಕೆಯಾಯಿತು. ಕೇಳದೆ ಮುಟ್ಟಿದ ತಪ್ಪು ತನ್ನದು, ಜನರ ಮಾತು ಕೇಳಬೇಕಾಗಿ ಬಂದದ್ದು ಅಪ್ಪ ಮಗಳಿಗೆ. ಹಿಂದೊಮ್ಮೆ ತುಂಬಿದ ಅಂಗಡಿಯೊಂದರಲ್ಲಿ, ಇದರ ಅರ್ಧದಷ್ಟೂ ಇಲ್ಲದ ಅಳುವಿಗೆ, ಅವನು ತನ್ನ ಮಗನ ಕೆನ್ನೆಗೆ ಬಾರಿಸಿದ್ದ. ನೋಡುತ್ತಿದ್ದವರ ಸಮಾಧಾನಕ್ಕಾಗಿ ಹೊಡೆದ ಏಟದು. ಈಗ ಈ ಡ್ರೈವರೂ ಕೈ ಎತ್ತುತ್ತಾನೆ ಎಂದು ಅಳತೆಯಣ್ಣ ಕಣ್ಣು ಕಿರಿದು ಮಾಡಿಕೊಂಡ.

ಡ್ರೈವರ್ ಕೈ ಎತ್ತಲಿಲ್ಲ. ಮಗಳಿಗೂ ಜನಕ್ಕೂ ನಡುವೆ, ಜನಕ್ಕೆ ಬೆನ್ನು ಕೊಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಒದ್ದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತನ್ನ ಶೂ, ಸಾಕ್ಸು ಬಿಚ್ಚಿಟ್ಟು ತಾನೂ ಬರಿಗಾಲಾದ.

"ಹೇಳ್ದೆ ಕೇಳ್ದೆ ಮುಟ್ಟಿಬಿಟ್ರು. ಭಯ ಆಯ್ತು ಅಲ್ವಾ ಬಂಗಾರಿ? ನಾನು ಇಲ್ಲೇ ಇದೀನಿ."

ಅವಳು ಕಿರುಚಿದರೂ ಅದೇ ಮಾತು, ಒದ್ದರೂ ಅದೇ ಮಾತು. ದನಿ ಒಂದಿಷ್ಟೂ ಏರಲಿಲ್ಲ. ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು. ಅಳತೆಯಣ್ಣ ತಡೆಯಲಾರದೆ ಮೆಲ್ಲಗೆ ಕೇಳಿದ: "ಜನ ಇಷ್ಟು ಮಾತಾಡ್ತಿದಾರೆ, ನಿಮಗೇನೂ ಅನ್ಸಲ್ವಾ?"

"ಅನ್ಸತ್ತೆ ಸಾರ್. ಆದ್ರೆ ಅವರು ಇನ್ನೈದು ನಿಮಿಷಕ್ಕೆ ಅವರ ದಾರಿ ಹಿಡೀತಾರೆ. ಇವಳ ಜೊತೆ ಮನೆಗೆ ಹೋಗೋನು ನಾನು."

ಅಬ್ಬಾ, ಈ ಮನುಷ್ಯನ ತಾಳ್ಮೆಯೇ!

ಕೊನೆಗೆ ಕಿರುಚಾಟ ಬಿಕ್ಕಳಿಕೆಗೆ ಇಳಿಯಿತು. ಹುಡುಗಿ ಎದ್ದು ನೀರಿನಲ್ಲಿ ಕಾಲು ಪಚಪಚ ಎನಿಸಿದಳು, ಆಮೇಲೆ ಕನ್ನಡಿಯತ್ತ ನಡೆದಳು. ಒಣನೆಲದ ಮೇಲೆ ಪುಟ್ಟ ಒದ್ದೆ ಹೆಜ್ಜೆಗಳು ಮೂಡಿದವು. ಅಳತೆಯಣ್ಣನಿಗೆ ಥಟ್ಟನೆ ಹೊಳೆಯಿತು. ಫ್ಯಾನಿನ ಗಾಳಿಗೆ ಅವು ಆರುವ ಮುಂಚೆ ಮಂಡಿಯೂರಿ ಹೋಗಿ ಸ್ಕೇಲಿಟ್ಟ. ಬಲಗಾಲು ಎಡಗಾಲಿಗಿಂತ ಒಂದು ಗೆರೆಯಷ್ಟು ದೊಡ್ಡದು. ಹೋದ ಸಲ ಕಚ್ಚಿದ್ದು ಅದನ್ನೇ ಇರಬೇಕು. ಬಲಗಾಲಿಗೆ ಸರಿಯಾಗುವ ಜೊತೆಯೊಂದನ್ನು ತಂದು, ಪಟ್ಟಿ ಬಿಡಿಸಿ, ಅವಳಿಂದ ಒಂದು ಮಾರು ದೂರದಲ್ಲಿಟ್ಟು ಹಿಂದೆ ಸರಿದ.

"ನಾನು ಮುಟ್ಟಲ್ಲ ಕಣಮ್ಮ. ಬೇಕು ಅನ್ಸಿದ್ರೆ ನೀನೇ ಹಾಕ್ಕೋ."

ಅವಳು ಅವನನ್ನು ಅನುಮಾನದಿಂದ ನೋಡಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ಒಂದು ಕಾಲು ತೂರಿಸಿದಳು, ತುಂಬಾ ಹೊತ್ತು ಬಿಟ್ಟು ಇನ್ನೊಂದು. ಎರಡು ಸಲ ನೆಲಕ್ಕೆ ಕುಟ್ಟಿದಳು.

"ಕಚ್ತಾ ಇಲ್ಲ," ಎಂದಳು ಅಪ್ಪನಿಗೆ.

"ನಾಳೆ ಸ್ಕೂಲಿಗೆ?"

"ಹೂಂ."

ಡ್ರೈವರ್ ನಕ್ಕ. ಮಗಳನ್ನು ಅಜ್ಜಿ ಹತ್ತಿರ ಬಿಟ್ಟು ಡ್ಯೂಟಿಗೆ ಓಡಬೇಕು ಎನ್ನುತ್ತ ಬೆಂಚಿನ ಮೇಲೆ ಕೂತು ತನ್ನ ಶೂ ಹಾಕಿಕೊಂಡ. ಲೇಸು ಕಟ್ಟಲು ಬಗ್ಗಿದ, ಆಗಲಿಲ್ಲ. ಬೆರಳುಗಳು ಗಡಗಡ ನಡುಗುತ್ತಿದ್ದವು. ಅಷ್ಟು ಹೊತ್ತೂ ದನಿಗೆ ತಾಗಗೊಡದ ನಡುಕವೆಲ್ಲ ಈಗ ಕೈಗೆ ಇಳಿದಿತ್ತು.

ಅಳತೆಯಣ್ಣ ಅವನೆದುರು ಕೂತ.

"ಅಯ್ಯೋ ಬೇಡಿ ಸಾರ್, ವಯಸ್ಸಲ್ಲಿ ದೊಡ್ಡೋರು ನೀವು."

"ಸುಮ್ನೆ ಕಾಲು ಕೊಡಪ್ಪಾ," ಎಂದ ಅಳತೆಯಣ್ಣ. ತಲೆ ಎತ್ತದೆ, ದಾರಿಯಲ್ಲಿ ಬಿಚ್ಚಿಕೊಳ್ಳದ ಹಾಗೆ, ಒಂದೊಂದೇ ಲೇಸನ್ನು ಬಿಗಿಯಾಗಿ ಕಟ್ಟಿದ.