ಚಂದ್ರನಿಗೆ ಬೆನ್ನು ಹಾಕಿ

ಯುಗಾದಿಯ ಸಂಜೆ ಹರಿಹರದ ಬಸ್ಸುಗಳಲ್ಲಿ ಕಾಲಿಡಲೂ ಜಾಗವಿರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಾಗಭೂಷಣ್ ಕೊನೆಗೆ ಹತ್ತಿದ್ದು ಪರಿಚಯದ ಹರೀಶನ ಗೂಡ್ಸ್ ಗಾಡಿಯನ್ನು. ಮುಂದೆ ಹರೀಶನ ಹೆಂಡತಿ, ಮಗು, ಮೂಟೆ. ಹಿಂದೆ, ಹರಿಹರದ ಯಾರದೋ ಮನೆಗೆ ಹೊರಟ ಹೊಸ ಸೋಫಾ. ಗಾಳಿ ಮುಖಕ್ಕೆ ಹೊಡೆಯದಿರಲೆಂದು ಹರೀಶ ಅದನ್ನು ಹಿಮ್ಮುಖವಾಗಿ ಇಟ್ಟಿದ್ದ. ಒಂದು ತುದಿಯಲ್ಲಿ ಟೈಲರ್ ಖುರ್ಷೀದಾ ಆಗಲೇ ಕೂತು, ಪುಟ್ಟ ಜುಬ್ಬಾಕ್ಕೆ ತೋಳು ಜೋಡಿಸುತ್ತಿದ್ದಳು.

ನಾಗಭೂಷಣ್ ಹೋಳಿಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಕಾಶ ನೋಡತೊಡಗಿದ. ಹೋದ ಯುಗಾದಿಯಲ್ಲಿ ಇಸ್ಪೀಟಾಡುವಾಗ, ಎಲೆ ಹಂಚುವುದರಲ್ಲಿ ಮೋಸ ಮಾಡಿದೆಯೆಂದು ಹರಿಹರದಲ್ಲಿರುವ ಅಣ್ಣ ಬಸವಪ್ರಭುವಿಗೆ ಎಲ್ಲರೆದುರು ಅಂದುಬಿಟ್ಟಿದ್ದ. ಅಂದಿನಿಂದ ಮಾತಿಲ್ಲ. ಅವರ ಮನೆಯಲ್ಲಿ ಯುಗಾದಿ ಚಂದ್ರನನ್ನು ನೋಡಿದ ಕೂಡಲೇ ಕಿರಿಯರು ಹಿರಿಯರ ಕಾಲಿಗೆ ಬೀಳಬೇಕು, ಹಿರಿಯರು ಬೇಡವೆನ್ನುವಂತಿಲ್ಲ. ಸುಮ್ಮನೆ ಹೋಗಿ ಬೀಳಲು ನಾಗಭೂಷಣನ ಬೆನ್ನು ಬಗ್ಗುವಂಥದ್ದಲ್ಲ. ಅದಕ್ಕೆ ಚಂದ್ರನ ನೆಪ ಬೇಕು. ಆ ಚಂದ್ರನೋ, ಕತ್ತಲು ಗಟ್ಟಿಯಾಗುವುದರೊಳಗೆ ಮುಳುಗುವ ಗೆರೆಯಂಥವನು.

“ಚಂದ್ರ ಕಾಣವಲ್ಲ,” ಎಂದ.

“ಕಾಣೋದು ಬ್ಯಾಡ ಬಿಡ್ರಿ ಸಾವ್ಕಾರ್ರೇ,” ಖುರ್ಷೀದಾ ಹಲ್ಲಿನಿಂದ ದಾರ ಕಡಿದಳು. “ಇವತ್ತು ಕಂಡ್ರೆ ನಾಳೆನೇ ರಂಜಾನ್. ಮೊಮ್ಮಗನ ಜುಬ್ಬಾಕ್ಕೆ ಇನ್ನೊಂದು ತೋಳು ಬಾಕಿ ಐತೆ.”

“ನನಗೆ ಇವತ್ತೇ ಬೇಕ್ರಿ.”

“ಹಂಗಾರೆ ನೀವು ನೋಡ್ರಿ, ಯಾರಿಗೂ ಹೇಳಬ್ಯಾಡ್ರಿ.”

ಸೂರ್ಯ ಮುಳುಗಿದ. ಖುರ್ಷೀದಾ ಉಪವಾಸ ಬಿಡಲು ಖರ್ಜೂರ ತೆಗೆದು ಅವನಿಗೂ ಒಂದು ಕೊಟ್ಟಳು. ಡಬ್ಬಿಯಲ್ಲಿ ಎರಡು ಹೋಳಿಗೆ ಕಡಿಮೆಯಾದವು. ಅಷ್ಟರಲ್ಲಿ ಗಾಡಿ ಕುಂಟಿತು.

“ಪಂಕ್ಚರ್ರು,” ಹರೀಶ ಇಳಿದು ಬಂದ. “ಸ್ವಲ್ಪ ಏಳ್ರಿ. ಸ್ಟೆಪ್ನಿ ಸೋಫಾದ ಕೆಳಗೈತೆ.”

“ಅದನ್ನ ಅಲ್ಲಿ ಯಾಕ ಇಟ್ಟಿದ್ಯೋ?”

“ಸೋಫಾ ಅಲುಗಾಡಬಾರ್ದು ಅಂತ್ರಿ.”

ಮೂವರೂ ಏದುಸಿರು ಬಿಡುತ್ತ ಸೋಫಾವನ್ನು ಇಳಿಸಿ ರಸ್ತೆ ಬದಿಯಲ್ಲಿಟ್ಟರು. ಅದರ ಮೇಲೆ ಕುಸಿದು ಕೂತ ಖುರ್ಷೀದಾ ಗದ್ದೆಗಳ ಕಡೆ ಕೈ ತೋರಿಸಿದಳು.

“ಸಾವ್ಕಾರ್ರೇ, ಇಷ್ಟೊತ್ತು ನಾವು ದಾವಣಗೆರೆ ಕಡೆ ಮುಖ ಮಾಡ್ಕಂಡು ಕುಂತಿದ್ವಿ.”

ಈಗ ಸೋಫಾದ ಮುಖ ಪಶ್ಚಿಮಕ್ಕಿತ್ತು. ಭತ್ತದ ಗದ್ದೆಗಳಾಚೆ, ಕಿತ್ತೊಗೆದ ಉಗುರಿನ ಚೂರಿನಂತೆ ಚಂದ್ರ.

ಕಾಲಿಗೆ ಬೀಳೋಣವೆಂದರೆ ಕಾಲುಗಳು ಹರಿಹರದಲ್ಲಿದ್ದವು. ನಾಗಭೂಷಣ್ ವರ್ಷದಿಂದ ಒತ್ತದ ನಂಬರನ್ನು ಒತ್ತಿದ.

“ಅಣ್ಣಾ.”

ಆ ಕಡೆಯಿಂದ, “ಹ್ಞೂಂ.”

“ಚಂದ್ರ ಕಂಡನಾ?”

“ಎಲ್ಲಿ ಕಾಣ್ತಾನೆ? ಪಕ್ಕದೋರು ಮೂರಂತಸ್ತು ಎಬ್ಬಿಸಿದಾರೆ. ಆಗಿಂದ ಮಾಳಿಗೆ ಮ್ಯಾಲೆ ನಿಂತೀನಿ.”

“ಇಲ್ಲಿ ಕಾಣ್ತಾನೆ. ಊರ ಹೊರಗೆ, ದಾವಣಗೆರೆ ರಸ್ತೆ. ಸೋಫಾದ ಮ್ಯಾಲೆ ಕುಂತೀವಿ, ಬಾ.”

ಬಸವಪ್ರಭು ಪಂಚೆ ಎತ್ತಿ ಕಟ್ಟಿ ಸ್ಕೂಟರಿನಲ್ಲಿ ಬಂದ. ರಸ್ತೆಯಲ್ಲಿ ಸೋಫಾ ಯಾಕೆಂದು ಕೇಳಲಿಲ್ಲ. ಕೂತು ಚಂದ್ರನಿಗೆ ಕೈಮುಗಿದ. ನಾಗಭೂಷಣ್ ಬಗ್ಗಿದಾಗ ಬೆನ್ನು ಲಟಕ್ಕೆಂದಿತು.

“ಏಳು, ಏಳು. ಈ ಸಲ ಎಲೆ ನೀನೇ ಹಂಚು. ನಾನು ನಿನ್ನ ಕೈ ನೋಡ್ತಾ ಇರ್ತೀನಿ.”

“ನಿಮ್ಮದು ಮುಗೀತಲ್ಲ?” ಖುರ್ಷೀದಾ ಚೀಲದಿಂದ ಇನ್ನೊಂದು ತೋಳು ತೆಗೆದಳು. “ಮೊಬೈಲ್ ಬೆಳಕು ಹಿಡೀರಿ. ನಾಳೆನೇ ಹಬ್ಬ.”

ಹರೀಶ ಟೈರು ಬದಲಿಸಿ ಮುಗಿಸುವವರೆಗೂ ಇಬ್ಬರೂ ಬೆಳಕು ಹಿಡಿದರು, ತಮ್ಮನದು ಸೂಜಿಗೆ, ಅಣ್ಣನದು ತೋಳಿಗೆ.