ಹತ್ತು ಷೇರಿನ ಅತ್ತೆ

1
ಕಥೆಯನ್ನು ಎಲ್ಲಿಂದ ಶುರುಮಾಡಲಿ? ಸೈಕಲ್ ಬೆಲ್ ಕಂಪನಿಯ ಷೇರುದಾರರ ಸಭೆಯಿಂದ ಎಂದರೆ ನೀವು ಈಗಲೇ ಆಕಳಿಸುತ್ತೀರಿ. ಬೇಡ, ಅತ್ತೆಯಿಂದ ಶುರುಮಾಡೋಣ. ಬೆಲ್ಲುಗಳನ್ನು ಬಾರಿಸಿ, ಕಿವಿಯಲ್ಲೇ ಪಾಸು-ಫೇಲು ಮಾಡಿ ಆ ಕಂಪನಿಯಿಂದ ನಿವೃತ್ತಳಾದವಳು ಅವಳು. ಈಗ ಅದೇ ಮೇಜಿನ ಮುಂದೆ ಸೊಸೆ ಕೂರುತ್ತಾಳೆ. (ಮನೆಯಲ್ಲಿ ಇಬ್ಬರಿಗೂ ಎಣ್ಣೆ-ಸೀಗೆಕಾಯಿ. ಅದು ಬೇರೆ ಕಥೆ, ಬರೆಯುವ ಧೈರ್ಯ ನನಗಿಲ್ಲ.)

ಬೆಲ್ ವಿಭಾಗ ಮುಚ್ಚಿ ಜಾಗ ಮಾರುವ ಪ್ರಸ್ತಾಪ ಇವತ್ತು ಮತಕ್ಕೆ ಬಂದಿದೆ. ಪಾಸಾದರೆ ಸೊಸೆಯ ಕೆಲಸಕ್ಕೆ ಸಂಚಕಾರ. ಅತ್ತೆಯ ಹತ್ತಿರ ಹತ್ತು ಷೇರುಗಳಿವೆ. "ಓನರ್ ಕಣೇ ನಾನು! ಮುಚ್ಚೋಕೆ ಬಿಡ್ತೀನಾ?" ಎಂದು ಸೊಸೆಗೆ ಮಾತು ಕೊಟ್ಟು ಬಂದಿದ್ದಾಳೆ.

2
"ವಿರೋಧ ಇರೋರು ಕೈ ಎತ್ತಿ," ಎಂದರು ಅಧ್ಯಕ್ಷರು. ಸಭಾಂಗಣದ ತುಂಬ ಕೈಗಳು.

"ಪರವಾಗಿ?"

ಒಂದೇ ಕೈ, ಸ್ಥಾಪಕರ ಮಗನದು. ಅತ್ತೆ ಗೆದ್ದ ಖುಷಿಯಲ್ಲಿ ಪಕ್ಕದವರ ಬೆನ್ನು ತಟ್ಟಿದಳು.

"ಪ್ರಸ್ತಾಪ ಪಾಸಾಗಿದೆ."

ಇಲ್ಲಿ ಎಣಿಸುವುದು ತಲೆಯನ್ನಲ್ಲ, ಷೇರನ್ನು. ಕಂಪನಿಯ ಷೇರುಗಳಲ್ಲಿ ನೂರಕ್ಕೆ ಅರವತ್ತು ಆ ಒಂದು ಕೈಯಲ್ಲಿದ್ದವು.

3 (ಮೇಲಿನದನ್ನು ಹರಿದು ಹಾಕಿದ್ದೇನೆ)
ಅತ್ತೆ ತಿರುಗಿಬಿದ್ದದ್ದು ಅಧ್ಯಕ್ಷರ ಮೇಲಲ್ಲ, ನನ್ನ ಮೇಲೆ.

"ಅರವತ್ತು ಅಂತ ಬರೆದೋರ್ಯಾರು?"

"ನಾನೇ."

"ಕಮ್ಮಿ ಮಾಡು. ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?"

ಅವಳ ಬಾಯಿಗೆ ಹೆದರಿ ನಲವತ್ತು ಮಾಡಿದೆ. ಚಿಲ್ಲರೆ ಷೇರುದಾರರದೆಲ್ಲ ಕೂಡಿಸಿದರೂ ನಲವತ್ತೇ. ಉಳಿದ ಇಪ್ಪತ್ತು ಒಂದು ಪಿಂಚಣಿ ನಿಧಿಯದು. ಮೂಲೆಯಲ್ಲಿ ಫೋನು ಉಜ್ಜುತ್ತಿದ್ದ ಅದರ ಪ್ರತಿನಿಧಿ, ಸ್ಥಾಪಕರ ಮಗನ ಪರ ಕೈ ಎತ್ತಿದ.

"ಸಾರಿ ಮೇಡಂ. ಜಾಗ ಮಾರಿದ್ರೆ ಷೇರಿಗೆ ಒಳ್ಳೆ ರೇಟು ಬರುತ್ತೆ. ನಮ್ಮ ಪಿಂಚಣಿದಾರರ ಹಿತ ನೋಡ್ಬೇಕಲ್ವಾ?"

"ಯಾರಪ್ಪಾ ಆ ಪುಣ್ಯಾತ್ಮರು?"

"ಈ ಕಂಪನಿಯಿಂದ ರಿಟೈರ್ ಆದೋರೂ ಇದ್ದಾರೆ. ನೀವೂ ಇದ್ದೀರಲ್ಲ?"

ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. (ನಾನು ಅವಳನ್ನು ಹುಟ್ಟಿಸಿದಾಗಿನಿಂದ ಇದೇ ಮೊದಲು.) ತಿಂಗಳು ತಿಂಗಳು ಅವಳ ಸಂಬಳದಲ್ಲಿ ಹಿಡಿದ ಹಣ ಇಲ್ಲಿ ಬಂದು ಷೇರಾಗಿ ಕೂತು, ಅವಳ ಸೊಸೆಯ ವಿರುದ್ಧವೇ ಕೈ ಎತ್ತಿತ್ತು. ನನಗೂ ನಿಜವಾಗಿ ಸಂಕಟವಾಯಿತು.

4
ಮುಕ್ತಾಯ ಒಂದು: ನಿಧಿಯವನ ಮನಸ್ಸು ಕರಗುತ್ತದೆ. (ನೀವು ನಂಬುವುದಿಲ್ಲ. ನಾನೂ ನಂಬುವುದಿಲ್ಲ.)

ಮುಕ್ತಾಯ ಎರಡು: ಅತ್ತೆ ಮನೆಗೆ ಹೋಗಿ ಸೊಸೆಯ ಮುಂದೆ ಸೋತೆ ಎನ್ನುತ್ತಾಳೆ.

"ಅವಳ ಮುಂದೆ? ಸತ್ರೂ ಇಲ್ಲ!" ಎಂದು ಅತ್ತೆ ನಿಧಿಯವನ ಎದುರಿಗೇ ಹೋಗಿ ನಿಂತಳು. "ಆ ಇಪ್ಪತ್ತರಲ್ಲಿ ನಂದೆಷ್ಟಪ್ಪಾ?"

"ಹಾಗೆ ಬಿಡಿಸಿ ಹೇಳೋಕಾಗಲ್ಲ ಮೇಡಂ."

"ಎಷ್ಟಾದ್ರೂ ಇರ್ಲಿ. ಎತ್ತಿದ ಆ ಕೈಯಲ್ಲಿ ನಂದು ಒಂದು ಬೆರಳಾದ್ರೂ ಇರುತ್ತಲ್ಲ, ಅದನ್ನ ಮಡಿಚು."

ಹಿಂದಿನ ಸಾಲಿನಿಂದ ನಿವೃತ್ತ ಫಿಟ್ಟರ್ ಎದ್ದ. "ನಂದೂ ಮಡಿಚಪ್ಪಾ." ಅವನ ಹಿಂದೆ ಪ್ಯಾಕಿಂಗ್‌ನವರು, ಪಾಲಿಶ್‌ನವರು, ಒಬ್ಬೊಬ್ಬರಾಗಿ.

ನಿಧಿಯವನು ಇನ್ನೂ ಎತ್ತಿಯೇ ಇದ್ದ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಆಮೇಲೆ ನನ್ನನ್ನು ಗೋಗರೆದ: "ಬೇಗ ಮುಗಿಸಿ ಸಾರ್, ಕೈ ನೋಯ್ತಾ ಇದೆ."

ಅತ್ತೆ ನನ್ನತ್ತ ಕಣ್ಣು ಕೆಕ್ಕರಿಸಿದಳು.

ಅವನ ಕಿರುಬೆರಳು ತುಸು ಬಗ್ಗಿದೆ. ನಾನು ಮುಗಿಸುವುದಿಲ್ಲ.